ಕದ್ದ ವಿಡಿಯೊದಲ್ಲಿ ಅವ್ವ

ಅವ್ವನ ಬಗ್ಗೆ ನಾನು ಬ್ಲಾಗಿನಲ್ಲಿ ಬರೆದದ್ದನ್ನು ಯಾರೋ ನನ್ನ ಹೆಸರು ತೆಗೆದು, ಕೊಳಲಿನ ಸಂಗೀತ ಸೇರಿಸಿ, ಯೂಟ್ಯೂಬಿನಲ್ಲಿ ಓದಿದ್ದರು. ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಕೈಮುಗಿದವರೇ ಎಲ್ಲ. ಒಂದು ಸಾಲು ಮಾತ್ರ ನನ್ನದಲ್ಲ. ಅಪ್ಪ ಲೋಕಲ್ ರೈಲಿನಿಂದ ಬಿದ್ದು ಸತ್ತ ಸುದ್ದಿ ಕೇಳಿ ಅವ್ವ ಗೋಳಾಡಿದಳಂತೆ. ಅವಳು ಅಳದೆ ಅಕ್ಕಿ ಆರಿಸುತ್ತಲೇ ಕೂತಿದ್ದಳೆಂದು ನಾನು ಬರೆದಿದ್ದೆ.

ಘೋಡಬಂದರ್ ರಸ್ತೆಯಲ್ಲಿರುವ ತಂಗಿಗೆ ಫೋನ್ ಮಾಡಿ ಸಿಟ್ಟು ತೋಡಿಕೊಂಡೆ.

"ಕದ್ದದ್ದು ತಪ್ಪ ಬಿಡಕ್ಕಾ. ಆದ್ರ ಅವ್ವ ಅತ್ತಿದ್ಲಲ್ಲ? ನೀನ ಅದನ್ನ ಬರಿಯದ ಬಿಟ್ಟಿದ್ದಿ."

"ನೀ ಆಗ ಸಣ್ಣಾಕಿ."

"ನೀ ಏನ್ ಭಾಳ ದೊಡ್ಡಾಕಿ ಇದ್ದಿ?"

ಯೂಟ್ಯೂಬಿಗೆ ದೂರು ಕೊಟ್ಟೆ, ವಿಡಿಯೊ ತೆಗೆದುಹಾಕಿದರು. ಈಗ ನೆನಪಿನಲ್ಲಿ ಅವ್ವ ಅಳುತ್ತಾಳೆ. ಅದನ್ನು ನಾನು ಕಂಡಿದ್ದೆನೋ, ಆ ವಿಡಿಯೊದಲ್ಲಿ ಕೇಳಿದೆನೋ, ಹೇಳಲಾರೆ.