ನಾಲ್ಕು ನಿಮಿಷದ ಗಾಣ

ಮೀನು ಹಿಡಿಯಲು ಹೊರಟಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಮೀನಿಗೊಂದು ವೇಳಾಪಟ್ಟಿ ಬರೆದದ್ದು. ಐದು ನಲವತ್ತಕ್ಕೆ ಏಳುವುದು, ಆರು ಹತ್ತಕ್ಕೆ ಗಾಳ ಎಸೆಯುವುದು, ಆರು ಐವತ್ತಕ್ಕೆ ಮೊದಲ ಮೀನು, ಏಳಕ್ಕೆ ಉಪ್ಪಿಟ್ಟು. ಬರಬೇಕಾದವುಗಳಲ್ಲಿ ಉಪ್ಪಿಟ್ಟೊಂದು ಸಮಯಕ್ಕೆ ಸರಿಯಾಗಿ ಬಂತು. ಮೀನುಗಳು ಪಟ್ಟಿಯನ್ನು ಓದಿರಲಿಲ್ಲವೋ, ಅಥವಾ ಓದಿಯೂ ನಮ್ಮ ಡ್ರೈವರುಗಳ ಹಾಗೆ ಮಡಿಚಿ ಜೇಬಿಗೆ ಹಾಕಿಕೊಂಡವೋ ತಿಳಿಯದು.

ನನ್ನ ಕಸುಬೇ ಅಂಥದ್ದು. ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದೆ. ಕಂಟ್ರೋಲರ್ ಎಂದರೆ ಬಸ್ಸು ಓಡಿಸುವವನಲ್ಲ, ಟಿಕೆಟ್ಟು ಹರಿಯುವವನೂ ಅಲ್ಲ. ಓಡಿಸುವವನೂ ಹರಿಯುವವನೂ ಕಾಫಿ ಕುಡಿಯುತ್ತಿರುವಾಗ ಸೀಟಿ ಊದಿ ಇಬ್ಬರ ನಾಲಿಗೆಯನ್ನೂ ಸುಡಿಸುವವನು. ನಿವೃತ್ತನಾದ ಮೇಲೆ ಊದಲು ಬಸ್ಸುಗಳು ಉಳಿಯದ ಕಾರಣ ಮನೆಯವರನ್ನೇ ವೇಳೆಗೆ ಸರಿಯಾಗಿ ಹೊರಡಿಸತೊಡಗಿದೆ. ಹೆಂಡತಿ ಕೆಲವು ತಿಂಗಳು ಸಹಿಸಿಕೊಂಡು, "ಎಲ್ಲಾರ ಎಲ್ಡ್ ದಿನ ಓಗ್ಬನ್ನಿ, ನಮ್ಗೂ ಒಸಿ ರಜ ಸಿಕ್ಲಿ" ಎಂದಳು. ಇಷ್ಟು ಸ್ಪಷ್ಟವಾದ ರಜಾ ಮಂಜೂರಾತಿ ಸರ್ವಿಸಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಕರೆದವನು ಖಲೀಲ. ಬೆಳಗಿನ ಮೊದಲ ಬಸ್ಸನ್ನು ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣಕ್ಕೆ ಹೊಡೆದುಕೊಂಡು ಹೋಗಿ ಪಾಂಡವಪುರದ ಮೇಲೆ ವಾಪಸ್ ತರುತ್ತಿದ್ದ ಡ್ರೈವರು. ಒಳ್ಳೆಯ ಡ್ರೈವರು; ಒಂದೇ ದೋಷವೆಂದರೆ ಪ್ರತಿ ಗುರುವಾರ ನಾಲ್ಕು ನಿಮಿಷ ತಡ. ಐದಲ್ಲ, ಮೂರಲ್ಲ. ತಪ್ಪನ್ನೂ ಇಷ್ಟು ಶಿಸ್ತಾಗಿ ಮಾಡುವವನನ್ನು ಕಂಡರೆ ನನ್ನಂಥವನಿಗೆ ಒಳಗೊಳಗೇ ಗೌರವ ಹುಟ್ಟುತ್ತದೆ. ಆದರೂ ಮೆಮೊ ಕೊಟ್ಟೆ. ಅದರ ಒಕ್ಕಣೆ ಇಂದಿಗೂ ಬಾಯಲ್ಲಿದೆ: ಸದರಿ ಚಾಲಕರು ಕರ್ತವ್ಯದ ವೇಳೆಯಲ್ಲಿ ವಾಹನವನ್ನು ನದಿ ಸೇತುವೆ ಪಕ್ಕದ ಆಲೆಮನೆಯ ಬಳಿ ನಿಲ್ಲಿಸಿ, ಕಬ್ಬಿನ ಹಾಲು ಸೇವಿಸುತ್ತಾ ನಾಲ್ಕು ನಿಮಿಷ ವಿಳಂಬ ಮಾಡಿರುತ್ತಾರೆ.

ಮೆಮೊದಿಂದ ಅವನಿಗೆ ಆದ ಶಿಕ್ಷೆ, ನದಿಯ ದಾರಿ ಕೈತಪ್ಪಿ ನಾಗಮಂಗಲ-ಹೊಣಕೆರೆಯ ದಾರಿ ಸಿಕ್ಕಿದ್ದು. ಅದನ್ನು ಅವನು ಮರೆತಿದ್ದ. ಮರೆಯಲಾಗದ್ದು ಇನ್ನೊಂದು. ಖಲೀಲನಿಗೆ ಆಗಲೇ ಸಕ್ಕರೆ ಕಾಯಿಲೆ. ಕಾಗದ ಮನೆ ಸೇರಿತು, ಅವನ ಹೆಂಡತಿ ನೂರ್‌ಜಾನ್ ಓದಿಸಿ ಕೇಳಿದರು. ವಿಳಂಬದ ಬಗ್ಗೆ ಆಕೆಗೆ ಆಕ್ಷೇಪವಿರಲಿಲ್ಲ. ಕಬ್ಬಿನ ಹಾಲಿನ ಬಗ್ಗೆ ಇತ್ತು. ಅಂದಿನಿಂದ ಆ ಮೆಮೊ ರಕ್ತ ಪರೀಕ್ಷೆಯ ಚೀಟಿಗಳ ಜೊತೆಯಲ್ಲೇ ಇದೆ. ಸಕ್ಕರೆ ಒಂದು ಗೆರೆ ಮೇಲೇರಿದರೆ ಮೊದಲು ಹೊರಗೆ ಬರುವುದು ಅದು. ಬೆಲ್ಲದ ಡಬ್ಬಕ್ಕೆ ಬೀಗ. ಮದುವೆಯೂಟಕ್ಕೆ ಕೂತರೆ ಎದುರು ಸಾಲಿನಿಂದ ಕಾವಲು.

"ನಾನು ಎಂಡ ಕುಡ್ದಿದ್ದೆ ಅಂತ ಬರ್ದಿದ್ರೂ ಇಷ್ಟು ಕಷ್ಟ ಇರ್ಲಿಲ್ಲ ಸಾಹೇಬ್ರೇ" ಎಂದ ಖಲೀಲ. "ನನ್ ಜೊತೆ ಒಂದಿನ ನದಿಗೆ ಬನ್ನಿ. ನಿಮ್ ಕೈಲೇ ಒಂದು ಮೀನು ಇಡಿಸ್ತೀನಿ. ಇಡಿಸಿದ್ರೆ ಆ ಮೆಮೊ ವಾಪಸ್ ತಗೊಂಡೆ ಅಂತ ಬರ್ದು ಬೇಗಂ ಕೈಗೆ ಕೊಡ್ಬೇಕು."

ನಾನು ಒಪ್ಪಿದೆ. ಸರ್ವಿಸಿನಲ್ಲಿ ಬರೆದ ಒಂದು ಮೆಮೊವನ್ನೂ ನಾನು ಹಿಂತೆಗೆದುಕೊಂಡವನಲ್ಲ. ಮೀನು ಹಿಡಿಯುವುದು ನನ್ನಿಂದಾಗದ ಕೆಲಸವೆಂಬ ಭರವಸೆಯಿಂದಲೇ ಒಪ್ಪಿದ್ದು. ಗೆಲ್ಲಬಾರದೆಂದು ಹೊರಟವನು ತಯಾರಿಯನ್ನಾದರೂ ಕಡಿಮೆ ಮಾಡಬೇಕಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ.

ಫೋನಿನಲ್ಲಿ ಒಬ್ಬ ಮಹಾನುಭಾವ ಹಗುರವಾದ ಕೋಲಿನಿಂದ ದಡದಲ್ಲೇ ನಿಂತು ಮೀನು ಹಿಡಿಯುವ ವಿದ್ಯೆಯನ್ನು ಹದಿನಾಲ್ಕು ಪಾಠಗಳಲ್ಲಿ ಹೇಳಿಕೊಡುತ್ತಾನೆ. ಹದಿನಾಲ್ಕನ್ನೂ ನೋಡಿ ಟಿಪ್ಪಣಿ ಮಾಡಿಕೊಂಡೆ. ನದಿ ಸಮುದ್ರ ಸೇರುವ ಅಳಿವೆಗೆ ಹೋಗಬೇಕಂತೆ. ಉಬ್ಬರ ತಿರುಗುವ ಹೊತ್ತು ನೋಡಬೇಕಂತೆ. ಉಪ್ಪುನೀರೂ ಸಿಹಿನೀರೂ ಕೂಡುವ ಗೆರೆಗೆ ಸರಿಯಾಗಿ ಎಸೆಯಬೇಕಂತೆ. ನಮ್ಮ ಜಿಲ್ಲೆಗೆ ಸಮುದ್ರವನ್ನು ಯಾರೂ ಮಂಜೂರು ಮಾಡಿಲ್ಲ. ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಕಾವೇರಿಗೆ ಸೇರುತ್ತದೆ. ಅದನ್ನೇ ಅಳಿವೆ ಎಂದು ತಿಳಿದುಕೊಳ್ಳಬೇಕು. ಉಬ್ಬರ ಇಳಿತ ನಮಗೂ ಉಂಟು, ಆದರೆ ಅದಕ್ಕೆ ಚಂದ್ರ ಕಾರಣನಲ್ಲ; ಮೇಲೆ ಅಣೆಕಟ್ಟಿನಲ್ಲಿ ಗೇಟು ತಿರುಗಿಸುವವನು. ಚಂದ್ರನಿಗಾದರೆ ಪಂಚಾಂಗವಿದೆ.

ಕೋಲು ಅಂಚೆಯಲ್ಲಿ ಬಂತು. ಎಳೆದರೆ ಉದ್ದ, ತಳ್ಳಿದರೆ ಗಿಡ್ಡ, ತೂಕವಂತೂ ನನ್ನ ಕನ್ನಡಕದಷ್ಟು. ಜೊತೆಗೆ ಬಣ್ಣದ ರಬ್ಬರ್ ಮೀನುಗಳು, ಹನ್ನೆರಡು ಖಾನೆಗಳ ಪೆಟ್ಟಿಗೆ, ಮತ್ತು ಎರಡೇ ನಿಮಿಷದಲ್ಲಿ ತಾನಾಗಿ ಬಿಚ್ಚಿಕೊಳ್ಳುವ ಡೇರೆ. ಡೇರೆ ಮಾತಿಗೆ ತಪ್ಪಲಿಲ್ಲ. ಸಂಜೆ ನದಿಯ ದಂಡೆಯಲ್ಲಿ ಎರಡು ನಿಮಿಷದಲ್ಲಿ ಬಿಚ್ಚಿಕೊಂಡು, ಮೂರನೆಯ ನಿಮಿಷದಲ್ಲಿ ಗಾಳಿಗೆ ಹೊರಟೂಬಿಟ್ಟಿತು. ಸೀಟಿ ಇಲ್ಲದೆ ಹೊರಟ ವಾಹನವನ್ನು ಬೆನ್ನಟ್ಟಿ ಹಿಡಿದವನು ಖಲೀಲ ಜೊತೆಗೆ ಕರೆತಂದಿದ್ದ ನಿಂಗೇಗೌಡ. ಖಲೀಲನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಈಗ ಪಾಂಡವಪುರದ ಹತ್ತಿರ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ.

"ಇದ್ರೊಳೀಕೆ ಮೂರು ಜನ ಮನೀಕಬೇಕಾ ಸ್ವಾಮಿ? ನಮ್ಮ ಅಸಿನ ಕೊಟ್ಗೇಲಿ ಒಂದೊಂದು ಕರೂಗೂ ಇದಕ್ಕಿಂತ ಜಾಗ ಅದೆ" ಎಂದ.

"ಗೌಡ, ನೀನು ಒರ್ಗೇ ಮನೀಕೋ. ನಿನ್ ಗೊರ್ಕೆ ಕೇಳಿದ್ರೆ ಮೀನು ಕೆಆರ್‌ಎಸ್‌ಗೆ ವಾಪಸ್ ಓಗ್ತವೆ" ಎಂದ ಖಲೀಲ.

"ನಿನ್ ಬಸ್ಸಿನ ಸದ್ದು ಕೇಳಿ ಓಗ್ದೇ ಇದ್ದ ಮೀನು ನನ್ ಗೊರ್ಕೆಗೆ ಓದಾವೇನ್ಲಾ?"

ಮರುದಿನ ಬೆಳಿಗ್ಗೆ ಆರು ಹತ್ತಕ್ಕೆ ಸರಿಯಾಗಿ ನಾನು ರಬ್ಬರ್ ಮೀನನ್ನು ಎಸೆದೆ. ಮೊದಲ ಎಸೆತ ಹಿಂದಿನ ಜಾಲಿ ಗಿಡಕ್ಕೆ ಹೋಯಿತು. ಎರಡನೆಯದು ನಿಂಗೇಗೌಡನ ಟವಲ್ಲಿಗೆ. ಮೂರನೆಯದು ನೀರಿಗೆ ಬಿದ್ದಾಗ ಇಬ್ಬರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಮೂವತ್ತು ವರ್ಷದ ಸೀಟಿಗಳಿಗೆಲ್ಲ ಉತ್ತರವಿತ್ತು. ಖಲೀಲನ ಸರಂಜಾಮು ಒಂದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ದಾರ, ಅದರ ತುದಿಗೊಂದು ಕೊಕ್ಕೆ, ರಾತ್ರಿ ಉಳಿದ ರಾಗಿಮುದ್ದೆಯ ಚೂರು. ಹದಿನಾಲ್ಕು ಪಾಠಗಳಲ್ಲಿ ಒಂದರಲ್ಲೂ ಮುದ್ದೆಯ ಪ್ರಸ್ತಾಪವಿರಲಿಲ್ಲ ಎಂದು ನಾನು ಅವನಿಗೆ ತಿಳಿಸಿದೆ. ಅವನು ಮಾತಾಡದೆ ಎದ್ದು ಬಂದು, ನನ್ನ ರಬ್ಬರ್ ಮೀನನ್ನು ಬಿಚ್ಚಿ ಪೆಟ್ಟಿಗೆಯ ಹನ್ನೆರಡನೆಯ ಖಾನೆಯಲ್ಲಿ ಮಲಗಿಸಿ, ಕೊಕ್ಕೆಗೆ ಮುದ್ದೆ ಚುಚ್ಚಿಕೊಟ್ಟ.

ಆರು ಐವತ್ತಾಯಿತು. ಮೀನು ಬರಲಿಲ್ಲ. ವೇಳೆ ಮೀರಿದ್ದರಿಂದ ಪಂದ್ಯ ಮುಗಿಯಿತೆಂದು ಘೋಷಿಸುವ ಸಲುವಾಗಿ ನಾನು ಗಡಿಯಾರ ನೋಡುತ್ತಾ, ಔಪಚಾರಿಕವಾಗಿ ಇನ್ನೆರಡು ನಿಮಿಷ ಕೊಟ್ಟೆ, ಆಮೇಲೆ ಇನ್ನೆರಡು. ಆಗ ನಿಂಗೇಗೌಡ ಹಿಂದಿನಿಂದ ಕೂಗಿದ:

"ಸ್ವಾಮಿ, ಗಾಣ! ಗಾಣ ಎಳೀತಾ ಅದೆ, ನೋಡಿ!"

ನಾನು ಹಿಂತಿರುಗಿ ನೋಡಿದೆ. ಗಾಣವೂ ಇಲ್ಲ, ಎಳೆಯುವ ಎತ್ತೂ ಇಲ್ಲ. ನಾನು ಶೀಳನೆರೆಯ ಕಡೆಯ ಆಲೆಮನೆಯವರ ಮಗ. ಗಾಣದ ಗರಗರ ಕೇಳುತ್ತಾ ಬೆಳೆದವನು. ಬೆಲ್ಲದ ಕೊಪ್ಪರಿಗೆಯ ಹೊಗೆಯಲ್ಲೇ ಓದಿ ಪಾಸಾದವನು. ಗಾಣ ಎಂದರೆ ಕಬ್ಬು ಅರೆಯುವುದು. ನದಿಯ ದಂಡೆಯಲ್ಲಿ ಅದಕ್ಕೇನು ಕೆಲಸ ಎಂದು ಸುತ್ತಲೂ ಹುಡುಕುತ್ತಿರುವಾಗ ಕೈಯಲ್ಲಿದ್ದ ಕೋಲು ಬಿಲ್ಲಾಗಿ ಬಾಗಿ ನನ್ನನ್ನೇ ನೀರಿಗೆ ಕರೆಯತೊಡಗಿತು. ಖಲೀಲ ಓಡಿ ಬಂದು ಕೋಲಿಗೂ ನನಗೂ ಸೇರಿಸಿ ಒಂದೇ ಹಿಡಿ ಹಾಕಿದ. ಅಂಗೈಯಗಲದ ಮೀನೊಂದು ಮರಳಿನ ಮೇಲೆ ಬಂದು ಬಿತ್ತು.

"ಜಿಲೇಬಿ!" ಎಂದ ಖಲೀಲ. ಆ ಜಾತಿಯ ಮೀನಿಗೆ ನಮ್ಮ ಕಡೆ ಹೆಸರೇ ಅದು. "ನಾಕು ನಿಮಿಷ ಲೇಟು. ಅದ್ಕೂ ಒಂದು ಮೆಮೊ ಕೊಡಿ ಸಾಹೇಬ್ರೇ."

ನನಗೆ ಮೀನಿಗಿಂತ ಶಬ್ದ ದೊಡ್ಡದಾಗಿತ್ತು. "ಗಾಣ ಎಂದೆಯಲ್ಲ ಗೌಡ, ಎಲ್ಲಿದೆ?"

"ನಿಮ್ ಕೈಲೇ ಅದಲ್ಲ ಸ್ವಾಮಿ."

"ಇದು ಗಾಳ."

"ಬುಕ್ಕಿನಾಗೆ ಗಾಳ ಇರ್ಬೋದು. ನಮ್ ನೀರ್ನಾಗೆ ಗಾಣವೇ. ನಮ್ಮಪ್ಪನೂ ಗಾಣ ಅಂದ, ಅವ್ರಪ್ಪನೂ ಗಾಣ ಅಂದ."

ಅಲ್ಲಿಯೇ ಮರಳಿನ ಮೇಲೆ ಕೂತೆ. ಮೆಮೊ ಬರೆಯುವ ಮೊದಲು ಖಲೀಲನಿಂದ ವಿವರಣೆ ಕೇಳಿದ್ದೆ. ಅವನಿಗೆ ಕನ್ನಡ ಬರೆಯಲು ಬಾರದ ಕಾರಣ ಕಂಡಕ್ಟರು, ಅಂದರೆ ಇದೇ ನಿಂಗೇಗೌಡ, ಬರೆದು ಕೊಟ್ಟಿದ್ದ, ಒಂದೇ ಸಾಲು: ಗಾಣ ನೋಡಲು ಬಸ್ಸು ನಿಲ್ಲಿಸಿದ್ದು ತಪ್ಪಾಯಿತು. ಸೇತುವೆಯ ಪಕ್ಕದಲ್ಲಿ ಆಲೆಮನೆಯಿತ್ತು. ಆಲೆಮನೆಯಲ್ಲಿ ಗಾಣವಿತ್ತು. ಗಾಣವಿದ್ದಮೇಲೆ ಕಬ್ಬಿನ ಹಾಲು ಇರಲೇಬೇಕು, ಹಾಲಿದ್ದಮೇಲೆ ಡ್ರೈವರು ಕುಡಿಯದೆ ಬಿಟ್ಟಾನೆಯೇ? ಇಷ್ಟು ತರ್ಕಬದ್ಧವಾಗಿ ಯೋಚಿಸಬಲ್ಲವನು ತಪ್ಪು ಮಾಡಿದರೆ ಅದನ್ನು ಕಂಡುಹಿಡಿಯಲು ಇಷ್ಟು ವರ್ಷ ಬೇಕಾಗುತ್ತದೆ.

"ಬುಧವಾರ ಸಾಯಂಕಾಲ ಸೇತುವೆ ಕೆಳ್ಗೆ ನೀರಿಗೆ ಗಾಣ ಕಟ್ತಿದ್ದೆ" ಎಂದು ಖಲೀಲ ಒಪ್ಪಿಕೊಂಡ. "ಗುರುವಾರ ಬೆಳಿಗ್ಗೆ ನೋಡ್ತಿದ್ದೆ. ನಾಕೇ ನಿಮಿಷ. ಪ್ಯಾಸೆಂಜರೂ ಇಳ್ದು ನೋಡೋರು. ನೀವು ಕಬ್ಬಿನ ಗಾಣ ಅಂತ ತಿಳ್ಕಂಡ್ರಿ. ಯೂನಿಫಾರಂನಲ್ಲಿ ಮೀನು ಇಡೀತಿದ್ದೆ ಅಂದ್ರೆ ನೀವು ಸಸ್ಪೆಂಡೇ ಮಾಡ್ಬುಡ್ತೀರಿ ಅಂತ ಸುಮ್ಕಿದ್ದೆ."

"ಹೆಂಡತಿಗಾದರೂ ಹೇಳಬಹುದಿತ್ತಲ್ಲಯ್ಯಾ?"

ಅವನು ಮೀನಿನ ಕಡೆ ನೋಡಿದ. ನಿಂಗೇಗೌಡ ಉಪ್ಪಿಟ್ಟಿನ ಕಡೆ ನೋಡಿದ. "ಕಬ್ಬಿನ ಹಾಲು ಕುಡ್ದಿಲ್ಲ ಅಂತ ಮಾತ್ರ ಬರ್ದುಬುಡಿ ಸಾಹೇಬ್ರೇ. ಬ್ಯಾರೆ ಏನೂ ಬ್ಯಾಡ" ಎಂದ ಖಲೀಲ.

ಇಲ್ಲಿ ನಾನು ನಿಲ್ಲಿಸಬೇಕಿತ್ತು. ಆದರೆ ಕಾರಣ ಕೊಡದ ಆದೇಶ ಆದೇಶವೇ ಅಲ್ಲ ಎಂದು ಕಲಿತು ಬಂದ ಪೀಳಿಗೆ ನಮ್ಮದು. ಡೇರೆಯ ಮುಂದೆ ಕೂತು, ವೇಳಾಪಟ್ಟಿಯ ಹಿಂಬದಿಯಲ್ಲಿ, ಸರ್ವಿಸಿನ ಮೊದಲ ಹಾಗೂ ಕೊನೆಯ ವಾಪಸಾತಿ ಬರೆದೆ. ಸದರಿ ಚಾಲಕರು ಕಬ್ಬಿನ ಹಾಲು ಸೇವಿಸಿರುವುದಿಲ್ಲ. ಪ್ರತಿ ಗುರುವಾರ ನದಿಯಿಂದ ಜಿಲೇಬಿ ತೆಗೆಯುತ್ತಿದ್ದರು. ಬರೆದದ್ದನ್ನು ಓದಿ ನೋಡಿದೆ. ಸಕ್ಕರೆ ಕಾಯಿಲೆಯವನನ್ನು ಕಬ್ಬಿನ ಹಾಲಿನಿಂದ ಬಿಡಿಸಿ ಜಿಲೇಬಿಗೆ ನೂಕುತ್ತಿದ್ದೆ! ಒಂದು ಶಬ್ದದಿಂದ ಪಾಠ ಕಲಿತು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಜಿಲೇಬಿಯ ಪಕ್ಕದಲ್ಲಿ ‘ಮೀನು’ ಎಂದು ಸೇರಿಸಿ, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ.

ಗಂಜಾಮಿನಲ್ಲಿರುವ ಖಲೀಲನ ಮನೆಯಂಗಳದಲ್ಲಿ ನೂರ್‌ಜಾನ್ ನಮಗೆ ಚಹಾ ಕೊಟ್ಟು, ಗಂಡನಿಗೆ ಸಪ್ಪೆ ಚಹಾ ಕೊಟ್ಟು, ನನ್ನಿಂದಲೇ ಕಾಗದವನ್ನು ಓದಿಸಿ ಕೇಳಿದರು. ಹಳೆಯ ಮೆಮೊವನ್ನು ತಂದು ಪಕ್ಕದಲ್ಲಿಟ್ಟುಕೊಂಡರು. ಎರಡರ ಸಹಿಗಳನ್ನೂ ಹೋಲಿಸಿ ನೋಡಿದರು. ಆಮೇಲೆ ಹಳೆಯದನ್ನು ನಾಲ್ಕು ಚೂರು ಮಾಡಿ ಒಲೆ ಸೌದೆಯ ಬುಟ್ಟಿಗೆ ಹಾಕಿದರು. ಖಲೀಲನ ಮುಖದಲ್ಲಿ ಮೂಡಿದ ಬೆಳಕನ್ನು ನೋಡಿ, ಇಂಥ ಕಾಗದಗಳನ್ನು ಇನ್ನೂ ಒಂದಿಷ್ಟು ಬರೆಯಬಹುದಿತ್ತು ಎಂದು ನನಗೆ ಮೊದಲ ಬಾರಿ ಅನ್ನಿಸಿತು.

"ತೋಬಾ, ಪಾಪ ಇಷ್ಟು ವರ್ಷ ಸುಮ್ಸುಮ್ಕೆ ಬೈದ್ನಲ್ಲ" ಎಂದರು ಆಕೆ. ಬೆಲ್ಲದ ಡಬ್ಬದ ಬೀಗದ ಕೈ ಸೊಂಟದಿಂದ ಹೊರಗೆ ಬಂತು. ಅರ್ಧದಲ್ಲಿ ನಿಂತಿತು. "ಮತ್ತೆ ಆ ಮೀನೆಲ್ಲ ಎಲ್ಲಿ? ನಮ್ಮನೇಗೆ ಒಂದು ಮುಳ್ಳೂ ಬರ್ಲಿಲ್ವಲ್ಲ ಜೀ?"

ಖಲೀಲ ಸಪ್ಪೆ ಚಹಾದೊಳಗೆ ಏನನ್ನೋ ಹುಡುಕುತ್ತಿದ್ದ. ನಿಂಗೇಗೌಡ ಮಾತ್ರ ಇಡೀ ಸರ್ವಿಸಿನಲ್ಲಿ ಒಂದು ತಪ್ಪು ಟಿಕೆಟ್ಟನ್ನೂ ಕೊಟ್ಟವನಲ್ಲ.

"ಪಾಂಡವಪುರದಾಗೆ ಬೇಕ್ರಿಯೋನ್ಗೆ ಕೊಡ್ತಿದ್ವು ಕಣಮ್ಮ. ಪಾಪ ಒಳ್ಳೇ ಮನ್ಸ. ಸುಮ್ಕೆ ಈಸ್ಕತಿರ್ಲಿಲ್ಲ, ಪ್ರತೀ ಸಲೀನೂ ಇಬ್ರಿಗೂ ಒಂದೊಂದ್ ದಿಲ್‌ಪಸಂದು, ಒಳ್ಗೆಲ್ಲ ಸಕ್ರೆ ಕೊಬ್ರಿ ತುಂಬಿ..."

ಬೀಗದ ಕೈ ಮತ್ತೆ ಸೊಂಟಕ್ಕೆ ಹೋಯಿತು. ಆಕೆಯ ದೃಷ್ಟಿ ಗಂಡನ ಮೇಲಿಂದ, ಎರಡು ಗೆರೆ ಎಳೆದ ನನ್ನ ‘ಮೀನಿ’ನ ಮೇಲೆ ಬಂದು, ಅಲ್ಲಿಂದ ನಿಧಾನವಾಗಿ ನನ್ನ ಮುಖಕ್ಕೆ ಏರಿತು. ನಾನು ಎದ್ದು, ಡೇರೆಯ ಗಂಟು ಹೊತ್ತು, ಗಡಿಯಾರ ನೋಡಿದೆ. ಕೆ.ಆರ್. ಪೇಟೆಯ ಬಸ್ಸಿಗೆ ಇನ್ನೂ ನಾಲ್ಕು ನಿಮಿಷವಿತ್ತು. ವೇಳೆಗೆ ಮೊದಲೇ ಬರುವ ಬಸ್ಸುಗಳಿಗೂ ತಪ್ಪದೆ ಮೆಮೊ ಕೊಟ್ಟಿದ್ದ ನಾನು, ಅಂದು ಮಾತ್ರ, ದಯವಿಟ್ಟು ಈಗಲೇ ಬಂದುಬಿಡು ತಂದೆ ಎಂದು ಆ ಬಸ್ಸನ್ನು ಬೇಡಿಕೊಳ್ಳುತ್ತಾ ರಸ್ತೆಗೆ ಓಡಿದೆ.