ನಾಲ್ಕರಿಂದ ಒಂಬತ್ತು

ಮೀರಾ ಮೆಸಾದಲ್ಲಿ ನಿರುಪಮಾ ಸ್ವಂತ ಮನೆ ಕೊಂಡಾಗ ಅವಳಿಗೆ ನಲವತ್ತು ದಾಟಿತ್ತು. ಮನೆ ಅಂದರೆ ಎರಡನೇ ಮಹಡಿಯ ಪುಟ್ಟ ಫ್ಲ್ಯಾಟು, ಇಲ್ಲಿನವರ ಬಾಯಲ್ಲಿ ಕಾಂಡೊ. ಅಲ್ಲಿಯವರೆಗೂ ರೂಮ್‌ಮೇಟ್‌ಗಳ ಜೊತೆ ಬಾಡಿಗೆ ಮನೆಯಲ್ಲೇ ಇದ್ದವಳು. ಅವರೆಲ್ಲ ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ಕೊನೆಗೆ ಉಳಿದಿದ್ದ ಸೌಜನ್ಯಾ ಕೂಡ ಗಂಡನ ಜೊತೆ ಪಕ್ಕದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆ ಸೇರಿದಳು. ಇನ್ನಾದರೂ ತನ್ನದೊಂದು ಮನೆ ಇರಲಿ, ಯಾರಾದರೂ ಹೇಳದೆ ಕೇಳದೆ ಬಂದು ಕೂತು ಹರಟಲಿ ಎಂಬ ಆಸೆಗೇ ಇವಳು ಮನೆ ಕೊಂಡದ್ದು. ಈ ಪರದೇಶದ ಊರಲ್ಲಿ ಹಾಗೆ ಬರುವವರು ಯಾರು ಸ್ವಾಮಿ? ಕಾಫಿಗೂ ಎರಡು ವಾರ ಮೊದಲೇ ಕ್ಯಾಲೆಂಡರ್ ನೋಡುವ ಜನ ನಾವು.

ಹಿಂದೆ ಕರೆಂಟು ಬಿಲ್ಲು ಯಾವಾಗಲೂ ಬೇರೆಯವರ ಹೆಸರಿನಲ್ಲಿರುತ್ತಿತ್ತು. ಈಗ ಪ್ಲಾನ್ ತಾನೇ ಆರಿಸಬೇಕು. ಇಂಥದಕ್ಕೆಲ್ಲ ನಮ್ಮಲ್ಲಿ ಚಂದ್ರಮೋಹನ್ ಅಂಕಲ್ ಇದ್ದಾರೆ. ಟಯರಿನಿಂದ ಟ್ಯಾಕ್ಸಿನವರೆಗೆ ಕೇಳದಿದ್ದರೂ ಸಲಹೆ ಕೊಡುತ್ತಾರೆ, ಕೇಳಿದರಂತೂ ಮುಗಿದೇಹೋಯಿತು. ಇವಳು ಫೋನ್ ಮಾಡಿದಳು.

“ಎರಡು ಥರ ಇದೆ ಕಣಮ್ಮ. ಒಂದರಲ್ಲಿ ಇಡೀ ದಿನ ಒಂದೇ ರೇಟು. ಇನ್ನೊಂದರಲ್ಲಿ ಸಂಜೆ ನಾಲ್ಕರಿಂದ ಒಂಬತ್ತು ಸಿಕ್ಕಾಪಟ್ಟೆ ದುಬಾರಿ, ಉಳಿದ ಹೊತ್ತು ಅಗ್ಗ. ಆ ಟೈಮಲ್ಲಿ ಮನೇಲಿ ಯಾರ್ಯಾರಿರ್ತೀರ?”

“ನಾನು, ಅಂಕಲ್.”

“ಮತ್ತೆ?”

“ನಾನೊಬ್ಬಳೇ.”

“ಹಾಗಾದ್ರೆ ಯೋಚ್ನೇನೇ ಬೇಡ, ಎರಡನೇದು ತಗೋ. ಮಕ್ಕಳು, ಬರೋರು ಹೋಗೋರು ಇರೋ ಮನೆಗೆ ಮೊದಲನೇದು.”

ಅಂಕಲ್ ಹೇಳಿದ್ದು ಬರೀ ಲೆಕ್ಕ. ಆದರೂ ನಿರುಪಮಾಗೆ ಚುರುಕ್ಕೆಂದಿತು. ಎರಡನೆಯದನ್ನೇ ಆರಿಸಿದಳು.

ಆರಿಸಿದ ಮೇಲೆ, ನಾಲ್ಕರಿಂದ ಒಂಬತ್ತರವರೆಗೆ ಕರೆಂಟು ಮುಟ್ಟದ ನೇಮವನ್ನು ಹಟಕ್ಕೆ ಬಿದ್ದಂತೆ ಪಾಲಿಸಿದಳು. ಬೆಳಿಗ್ಗೆಯೇ ಸಾರು, ಪಲ್ಯ ಮಾಡಿಟ್ಟು ಆಫೀಸಿಗೆ ಹೋಗುವುದು, ಸಂಜೆ ಅದನ್ನೇ ತಣ್ಣಗೆ ಉಣ್ಣುವುದು, ಆಮೇಲೆ ಏಸಿಯೂ ಇಲ್ಲದೆ ಲೈಟೂ ಇಲ್ಲದೆ ಸೋಫಾದಲ್ಲಿ ಕೂರುವುದು. ಒಂದು ಬಲ್ಬಿಗೆ ಎಷ್ಟು ಮಹಾ ಆಗುತ್ತದೆ ಅಂತ ಇಂಜಿನಿಯರಾದ ಅವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ತನ್ನೊಬ್ಬಳಿಗೋಸ್ಕರ ಯಾಕೆ ಹಾಕಬೇಕು ಅನ್ನುವುದೇ ಅಭ್ಯಾಸವಾಗಿಹೋಗಿತ್ತು.

ನವರಾತ್ರಿ ಬಂತು. ಸೌಜನ್ಯಾಳ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಇಲ್ಲಿ ಅರಿಸಿನ ಕುಂಕುಮಕ್ಕೂ ವಾಟ್ಸಾಪಿನಲ್ಲೇ ಕರೆಯುವುದು. ಆದರೆ ಮೈಸೂರಿನಿಂದ ಬಂದಿದ್ದ ಅವಳ ಅತ್ತೆ ಸುತರಾಂ ಒಪ್ಪಲಿಲ್ಲ. ಮನೆಗೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು ಅಂದರು. ಅವತ್ತು ಸಂಜೆ ನಿರುಪಮಾಳ ಫೋನಿಗೆ ಸೌಜನ್ಯಾಳ ಮೆಸೇಜು ಬಂತು.

“ನಿಮ್ಮನೆ ಕೆಳಗೇ ಬಂದಿದ್ವಿ ಕಣೆ. ಮೇಲೆ ನೋಡಿದ್ರೆ ಕತ್ತಲು. ದೀಪ ಹಚ್ಚೋ ಹೊತ್ತಲ್ಲಿ ಹೀಗಿದೆ ಅಂದ್ರೆ ಯಾರೂ ಇಲ್ಲ ಅಂದ್ರು ಅತ್ತೆ. ಕಾರಿಂದ ಇಳೀಲೇ ಇಲ್ಲ, ಮುಂದಿನ ಮನೆಗೆ ಹೊರಟ್ವಿ. ಎಲ್ಲಿದೀಯ?”

ನಿರುಪಮಾ ಕಿಟಕಿಯ ಪಕ್ಕದಲ್ಲೇ ಕೂತಿದ್ದಳು. ‘ಮನೇಲೇ ಇದೀನಿ, ವಾಪಸ್ ಬನ್ನಿ’ ಎಂದು ಟೈಪ್ ಮಾಡಿದಳು. ಹಾಗಾದರೆ ಕತ್ತಲಲ್ಲಿ ಯಾಕೆ ಕೂತಿದ್ದೆ ಅಂತ ಆ ಹಿರಿಯರು ಕೇಳಿದರೆ ಏನು ಹೇಳುವುದು? ಅಳಿಸಿದಳು. ‘ಹೊರಗಿದೀನಿ ಕಣೆ’ ಎಂದು ಕಳಿಸಿ, ಫೋನ್ ಬೋರಲು ಹಾಕಿ ಅತ್ತಳು.

ಮರುದಿನ ಕರೆಂಟು ಕಂಪನಿಗೆ ಫೋನ್ ಮಾಡಿ ಪ್ಲಾನ್ ಬದಲಾಯಿಸಿ ಅಂದಳು. ಆ ಕಡೆಯ ಹುಡುಗಿ ಒಳ್ಳೆಯವಳು. ಸಂಜೆ ಹೊತ್ತು ನೀವು ಕರೆಂಟು ಬಳಸುವುದೇ ಇಲ್ಲವಲ್ಲ, ಈಗಿರುವುದೇ ನಿಮಗೆ ಲಾಭ ಎಂದು ತಿಳಿಹೇಳಿದಳು. ಮನೆಗೆ ಹೊಸದಾಗಿ ಯಾರಾದರೂ ಬಂದಿದ್ದಾರಾ ಎಂದೂ ಕೇಳಿದಳು.

“ಬಂದಿದ್ದರು,” ಅಂದಳು ನಿರುಪಮಾ. “ಯಾರೂ ಇಲ್ಲ ಅಂದುಕೊಂಡು ಹೊರಟುಹೋದರು.”