ಹಕ್ಕಿಗಳ ನಡುಗಡ್ಡೆಯ ಚಿತ್ರ

ಶಿರಸಿಯಿಂದ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೊರಟಾಗ ನನ್ನ ಚೀಲದಲ್ಲಿ ಇದ್ದದ್ದು ಒಂದು ಹಳೆಯ ಚಾದರ, ಗಾಜು ಹಾಕಿದ ಚಿತ್ರವೊಂದನ್ನು ಸುತ್ತಿ ತರಲಿಕ್ಕೆ. ಹಳೆಯ ಅಚ್ಚಿನ ಸಮುದ್ರಚಿತ್ರಗಳ ಹುಚ್ಚು ನನಗೆ. ನಡುಗಡ್ಡೆಗಳ ಕಡಿದಾದ ಬಂಡೆ, ಬುಡದಲ್ಲಿ ನೊರೆಗಟ್ಟಿದ ಅಲೆ. ಅಂಥ ಒಂದೇ ಮಾಲಿಕೆಯ ಚಿತ್ರಗಳು ಮನೆಯ ಗೋಡೆ ತುಂಬ ಇವೆ. ಒಂದು ಮಾತ್ರ ಸಿಕ್ಕಿರಲಿಲ್ಲ. ಅದು ವಜ್ರಳ್ಳಿಯ ಭಾಗೀರಥಕ್ಕನ ಮನೆಯಲ್ಲಿದೆ ಎಂದು ಕೇಳಿದ ಮೇಲೆ ನನಗೆ ಸಮಾಧಾನವಿರಲಿಲ್ಲ. ಡ್ರಾಯಿಂಗ್ ಮಾಸ್ತರಿಗೆ ರಿಟೈರಾದ ಮೇಲೆ ಮರುಳು ಹಿಡಿದಿದೆ ಎಂದು ಹೆಂಡತಿ ನಗುತ್ತಾಳೆ.

ಮಂಚಿಕೇರಿ ದಾಟುವವರೆಗೆ ಮಂಜು. ಯಲ್ಲಾಪುರದಲ್ಲಿ ಬನ್ಸು, ಚಹಾ ಮುಗಿಸಿ ಇನ್ನೊಂದು ಬಸ್ಸು ಹಿಡಿದೆ. ಇಡಗುಂದಿಯ ಬಳಿಕ ಲಾರಿಗಳ ಹೆದ್ದಾರಿ ಬಿಟ್ಟು ಒಳದಾರಿ. ಇಳಿದಾಗ ಬಿಸಿಲು ಏರಿತ್ತು.

ಭಾಗೀರಥಕ್ಕ ಬೆಲ್ಲ, ನೀರು ಕೊಟ್ಟು, ಬಂದ ಕಾರಣ ಕೇಳಿ ಗೋಡೆಯ ಮೇಲಿನ ಚಿತ್ರ ತೋರಿಸಿದರು.

"ಹಡಗಿನ ಕೆಲ್ಸಕ್ಕೆ ಹೋದ ತಮ್ಮ ಮುಂಬೈಯಿಂದ ಕಳ್ಸಿದ್ದು. ಈ ಚಿತ್ರದ ಊರಿಗೇ ಹೋಗ್ತೆ ಹೇಳಿದ್ದ. ಮತ್ತೆ ಬೈಂದ್ನಿಲ್ಲೆ. ಅವನ ಫೋಟೋ ಒಂದೂ ಇಲ್ಲೆ."

ಸುದ್ದಿಯಿಲ್ಲದೆ ಹನ್ನೆರಡು ವರ್ಷ ಕಳೆದರೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಸಾವಿನ ಕರ್ಮ ಮುಗಿಸುವುದು ರೂಢಿ. ಅಷ್ಟು ವರ್ಷ ಎಂದೋ ಕಳೆದಿದ್ದರೂ, ಮನೆಯವರು ಎಷ್ಟು ಹೇಳಿದರೂ ಭಾಗೀರಥಕ್ಕ ಒಪ್ಪಿರಲಿಲ್ಲ. ತಮ್ಮ ಆ ಚಿತ್ರದ ಊರಲ್ಲೇ ಮನೆಮಾಡಿಕೊಂಡಿದ್ದಾನೆ ಎಂಬ ನಂಬಿಕೆ.

"ಅದು ಯಾವೂರು, ಅಲ್ಲಿ ಜನ ಇದ್ವ, ಅಷ್ಟು ಹೇಳಿ ಮಾಸ್ತರ್ರೆ. ಆಮೇಲೆ ಚಿತ್ರ ನೀವೇ ತಗಂಡು ಹೋಗಿ."

ಚೌಕಟ್ಟು ಬಿಚ್ಚಿದೆ. ಅದರಡಿ ಮುಚ್ಚಿಹೋಗಿದ್ದ ಇಂಗ್ಲಿಷ್ ಸಾಲು ಕಂಡಿತು: ಉತ್ತರ ಸಮುದ್ರದ ಒಂದು ಬಂಡೆ, ಜನವಸತಿ ಇಲ್ಲ, ಕಡಲಹಕ್ಕಿಗಳಷ್ಟೇ. ದೊಡ್ಡ ಊರೇ ಇದೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಲಾಗಲಿಲ್ಲ.

"ಜನ ಇಲ್ಲ ಅಕ್ಕಾ. ಬರೀ ಹಕ್ಕಿ."

"ಒಬ್ರೂ ಇಲ್ಲೆ?"

"ಇಲ್ಲ."

ಅವರು ಎದ್ದು ಒಳಗೆ ಹೋದರು. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು. ಸಾವಿನ ಸುದ್ದಿ ಬಂದಾಗ ಮಾಡುವ ಸ್ನಾನ. ಆ ಸುದ್ದಿ ತಂದವನು ನಾನೇ.

ಒದ್ದೆ ತಲೆಯಲ್ಲೇ ಬಂದು, ಚಿತ್ರಕ್ಕೆ ನನ್ನಿಂದಲೇ ಚೌಕಟ್ಟು ಕೂಡಿಸಿ ಮತ್ತೆ ಗೋಡೆಗೆ ಹಾಕಿಸಿದರು. "ಇನ್ನು ಕೊಡಲೆ ಆಗ್ತಿಲ್ಲೆ ಮಾಸ್ತರ್ರೆ. ಅವನದು ಹೇಳಿ ಇದ್ದದ್ದು ಇದೊಂದೇ."

ಸತ್ತವರ ಫೋಟೋದಲ್ಲಿ ಹಣೆಗೆ ಗಂಧ ಇಡುತ್ತೇವೆ. ಗಂಧ ಅದ್ದಿದ ಅವರ ಬೆರಳು ಗಾಜಿನ ಮೇಲೆ ಆಕಾಶ, ಬಂಡೆ, ಅಲೆ ಎಲ್ಲ ಹುಡುಕಿತು. ಕೊನೆಗೆ ಬಂಡೆಯ ಬುಡದ ಪುಟ್ಟ ದೋಣಿಯ ಮೇಲೆ ನಿಂತಿತು.

ಸಂಜೆಯ ಬಸ್ಸಿನಲ್ಲಿ ಚಾದರ ಮಡಿಕೆ ಬಿಚ್ಚದೆ ತೊಡೆಯ ಮೇಲಿತ್ತು. ಮನೆಗೆ ಬಂದು ದೀಪ ಹಾಕಿ ನೋಡಿದೆ. ನನ್ನ ಗೋಡೆಯ ಚಿತ್ರಗಳಲ್ಲೂ ದೋಣಿಗಳಿದ್ದವು. ಅಂದಿನವರೆಗೆ ನಾನು ಬಂಡೆಗಳನ್ನಷ್ಟೇ ನೋಡಿದ್ದೆ.